ನಾನು ಬೀಗ ಹಾಕಿದ ಕಾಡು

ಭಾವ,

ಕಾಗದ ಬರೆಯುವುದು ನನ್ನ ಕೆಲಸವಲ್ಲ, ನಿಮಗೆ ಗೊತ್ತು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು. ಆದರೆ ನಾಳೆ ಬೇಟೆಯವರು ಬರುತ್ತಾರೆ. ಬೇರೆ ಯಾರಿಗೆ ಹೇಳಲಿ?

ನ್ಯೂಜೆರ್ಸಿಯ ಈ ಗುಡ್ಡಕ್ಕೆ ನಿಮ್ಮ ದನ ನೋಡಿಕೊಳ್ಳಲು ನಾನು ಬಂದ ಮೊದಲ ಚಳಿಗಾಲ. ಬಂದೂಕಿನವರನ್ನು ಕೂರಿಸಿ ನೀವು ಕಾಫಿ ಕೊಡುತ್ತಿದ್ದಿರಿ. "ದನದ ಡಾಕ್ಟರಾಗಿ ಜಿಂಕಿ ಕೊಲ್ಲಸ್ತೀರೇನು?" ಎಂದು ಕೂಗಾಡಿದ್ದೆ. ನೀವು ಬೈಯಲಿಲ್ಲ. ನಿಮ್ಮ ಕಾಡಿಗೆ ಕರೆದೊಯ್ದು ಮೊಣಕಾಲೆತ್ತರದ ಓಕ್ ಸಸಿಗಳನ್ನು ತೋರಿಸಿದಿರಿ. ತುದಿ ಮೇಯ್ದಿದ್ದರೆ ಜಿಂಕೆ ಹೆಚ್ಚಾಗಿವೆ, ಬೇಟೆ ಬೇಕು. ತುದಿ ಉಳಿದಿದ್ದರೆ ಬೇಟೆಗೆ ಕಡಿಮೆ ಜನರನ್ನು ಬಿಡಬೇಕು ಎಂದಿರಿ. ಬೇಟೆಯವರು ಕೊಟ್ಟ ದುಡ್ಡಿನಲ್ಲೇ ಕಾಡಿನ ಟ್ಯಾಕ್ಸ್ ಕಟ್ಟಿದಿರಿ, ದನ ಇಳಿದು ಕೆಡಿಸದಂತೆ ತೊರೆಗೆ ಬೇಲಿ ಹಾಕಿಸಿದಿರಿ. ಅದು ಆಗಲೇ ನನ್ನ ತಲೆಗೆ ಹೋಗಿದ್ದರೆ...

ನೀವು ತೀರಿಕೊಂಡ ವರ್ಷ ಫ್ರ್ಯಾಂಕ್ ತನ್ನ ಬೇಟೆಯ ಗುಂಪಿನೊಂದಿಗೆ ಗೇಟಿನಲ್ಲಿ ನಿಂತ. ಬೈದು ಓಡಿಸಿ ಬೀಗ ಜಡಿದೆ. ಅಕ್ಕನ ಮುಂದೆ ಜಿಂಕೆಗಳ ಮೇಲಿನ ಕರುಣೆ ಎಂದೆ. ಸುಳ್ಳು. ನಿಮ್ಮ ಮಾತಿಗೆ ನಿಲ್ಲುತ್ತಿದ್ದ ಬಂದೂಕುಗಳು ನನ್ನ ಮಾತಿಗೆ ನಿಲ್ಲುತ್ತವೆಯೇ ಎಂಬ ಹೆದರಿಕೆ. ಹಿಮ ಬಿದ್ದಾಗ ಜಿಂಕೆಗಳು ಎಲುಬು ಬಿಟ್ಟುಕೊಂಡು ದನದ ಹುಲ್ಲಿಗೆ ಬಂದವು. ಒಂದು ಮರಿ ನೀರಿನ ತೊಟ್ಟಿಯ ಪಕ್ಕದಲ್ಲೇ ಸತ್ತಿತು. ಕಾಡಿನಲ್ಲಿ ತುದಿಯಿದ್ದ ಸಸಿ ಒಂದೂ ಉಳಿಯಲಿಲ್ಲ.

ಬೇಸಿಗೆಯಲ್ಲಿ ಮನೆ ಕಟ್ಟಿ ಮಾರುವವನೊಬ್ಬ ಕಾಡು ಕೇಳಿಕೊಂಡು ಬಂದ. ಅಕ್ಕ ನನ್ನ ಮೇಲೆ ಹರಿಹಾಯ್ದಳು: "ಬೀಗಾ ಜಡದಿ ಶಾಣ್ಯಾ! ಟ್ಯಾಕ್ಸ್ ಯಾರ್ ಕಟ್ಟಬೇಕು, ಜಿಂಕಿ ಬಂದು ಕಟ್ತಾವೇನು? ಇದೊಂದು ಸೀಸನ್ ನೋಡ್ತೀನಿ. ಆಗಲಿಲ್ಲಂದ್ರ ಕಾಡು ಕೊಟ್ಟುಬಿಡ್ತೀನಿ."

ಫ್ರ್ಯಾಂಕನಿಗೆ ಫೋನ್ ಮಾಡಿದೆ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ, ಬರುತ್ತೀಯೋ ಇಲ್ಲವೋ ಎಂದು ಗದರಿದೆ. ಬರುತ್ತೇನೆ, ಡಾಕ್ಟರಿಗಿಂತ ನೀನೇ ಜೋರು ಎಂದು ನಕ್ಕ. ನಗಲಿ. ನಾಳೆ ನಿಮ್ಮ ಪದ್ಧತಿಯಂತೆ ಎಲ್ಲರನ್ನೂ ಮೊದಲು ಖಾಲಿ ಬಂದೂಕಿನೊಂದಿಗೆ ಬೇಲಿ ಸುತ್ತಿಸಬೇಕು. ಮನೆ ಎಲ್ಲಿ, ದನ ಎಲ್ಲಿ ಎಂದು ತೋರಿಸಬೇಕು. ಒಬ್ಬ ಮಾತು ಮೀರಿದರೆ? ಒಂದು ಗುಂಡು ದನಕ್ಕೋ ಮನುಷ್ಯನಿಗೋ ತಗುಲಿದರೆ ಅಕ್ಕ ಮರುದಿನವೇ ಕಾಡು ಮಾರಲು ಸಹಿ ಹಾಕುತ್ತಾಳೆ. ಅದೂ ನನ್ನಿಂದಲೇ ಆದರೆ...

ಮೊನ್ನೆ ಸಸಿ ನೋಡಲು ಹೋಗಿದ್ದೆ. ತೊರೆಯ ಆಚೆ ದಡದ ಕೆಸರಿನಲ್ಲಿ ಮೂರು ಬೆರಳಿನ ದೊಡ್ಡ ಹೆಜ್ಜೆಗಳು. ಕಾಡು ಟರ್ಕಿ ಕೋಳಿ, ಭಾವ! ಒಂದು ದಿನ ಮತ್ತೆ ಬರುತ್ತವೆ ಎಂದು ನೀವು ಅಂದಾಗ ನಾನು ನಕ್ಕಿದ್ದೆ. ಅಕ್ಕನಿಗಿನ್ನೂ ಹೇಳಿಲ್ಲ. ಆ ದಡಕ್ಕೆ ಯಾರನ್ನೂ ಬಿಡುವುದಿಲ್ಲ, ಫ್ರ್ಯಾಂಕನನ್ನೂ. ಬೀಗದ ಕೈ ಜೇಬಿನಲ್ಲಿದೆ. ಬೆಳಗ್ಗೆ ಗೇಟು ನಾನೇ ತೆಗೆಯುತ್ತೇನೆ.