ನಿನ್ನ ಹೊಸ ದಡ್ಡಿ

ಗೆಳತಿ,

ನಿನ್ನ ಹೊಸ ಕಚೇರಿಯ ಕಥೆಯನ್ನು ಮೊದಲು ಹೇಳಿದವಳು ನಮ್ಮ ಟೈಪಿಸ್ಟ್, ನಿನ್ನೆ ಊಟದ ಹೊತ್ತಿನಲ್ಲಿ. ಅವಳು ಏನೋ ಕೆಲಸಕ್ಕೆಂದು ಅಲ್ಲಿಗೆ ಹೋಗಿ ಬಂದಿದ್ದಳು. ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನೀನು ಈ ಕಚೇರಿಯಲ್ಲಿದ್ದ ದಿನಗಳಲ್ಲಿ, ಅಚ್ಚಿಗೆ ಹೋಗಬೇಕಾದ ಪರೀಕ್ಷೆಯ ಪ್ರಶ್ನೆ ತಿದ್ದುವಾಗ ಒಬ್ಬಳು ಗಟ್ಟಿಯಾಗಿ ಓದುವುದು, ಎದುರು ಕೂತವಳು ತರಗತಿಯ ಮಹಾ ದಡ್ಡಿಯಾಗಿ ಕೇಳುವುದು ನಾವಿಬ್ಬರೇ ಕಟ್ಟಿಕೊಂಡ ಪದ್ಧತಿ. "ಅಕ್ಕ ತಂಗಿಗೆ ಅವಳ ಕೊಡೆ ಕೊಟ್ಟಳು" ಎಂದು ನೀನು ಓದಿದರೆ, "ಯಾರ ಕೊಡೆ, ಮಿಸ್?" ಎಂದು ನಾನು ಮೂಗು ಒರೆಸಿಕೊಳ್ಳುತ್ತಿದ್ದೆ. ನೀನು ನಗುನಗುತ್ತಲೇ ವಾಕ್ಯ ಸರಿಮಾಡುತ್ತಿದ್ದೆ.

ಈಗ ನಿನ್ನೆದುರು ಯಾರೋ ಹೊಸಬಳು ಕೂರುತ್ತಾಳಂತೆ.

"ಇಂಥಾ ದಡ್ಡಿ ಭೂಮಿ ಮೇಲೇ ಸಿಗಲ್ಲ ಅಂತ ನಿಮ್ಮ ಗೆಳತಿ ಅವಳನ್ನ ಹೊಗಳಿದ್ದೇ ಹೊಗಳಿದ್ದು ಕಣ್ರೀ!" ಎಂದಳು ಟೈಪಿಸ್ಟ್.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ಹಲ್ಲು ಬಿಟ್ಟೆ. ಇಷ್ಟು ವರ್ಷ ನಿನಗಾಗಿ ದಡ್ಡಿಯಾದವಳು ನಾನು. ನನ್ನ ದಡ್ಡತನಕ್ಕೆ ಏನು ಕೊರತೆಯಿತ್ತು? ನೀನು ನನ್ನ ಬಗ್ಗೆ ಏನಾದರೂ ವಿಚಾರಿಸಿದೆಯಾ ಎಂದು ಕೇಳಲು ಬಾಯಿ ತೆರೆದೆ. ಕೇಳದೆ ನೀರು ಕುಡಿದೆ.

ಇವತ್ತು ಬೆಳಗ್ಗೆ ಬಂದು ನೋಡಿದರೆ, ಕಥೆ ಕೇಳಿದವರೆಲ್ಲ ಜೋಡಿ ಜೋಡಿಯಾಗಿ ಕೂತು ಒಬ್ಬರಿಗೊಬ್ಬರು ಪ್ರಶ್ನೆ ಓದುತ್ತಿದ್ದರು. ಟೈಪಿಸ್ಟ್ ನನ್ನೆದುರಿನ ಕುರ್ಚಿಗೆ ಕೈಹಾಕಿದಳು.

"ಓದಿ ಅಕ್ಕಾ, ನಾನೇನು ಕಮ್ಮಿ ದಡ್ಡಿ ಅಲ್ಲ."

ಗಂಟಲು ಕಟ್ಟಿದೆ ಎಂದು ಹೇಳಿ, ನೀನು ಹೋದಾಗಿನಿಂದ ಖಾಲಿಯಿರುವ ಆ ಕುರ್ಚಿಯ ಮೇಲೆ ನನ್ನ ಚೀಲ ಇಟ್ಟೆ.