ಗೇಟಿನ ಮೇಲಿದ್ದ ಮೀಸೆ ತಾತ

ಮುದ್ದು ನೆವೆನಾ,

ಈ ಕಾಗದ ರುಮ್ಯಾನಾಳ ಕೈಯಿಂದ ನಿನ್ನ ಕೈ ಸೇರುತ್ತದೆ. ನಿನ್ನ ಹೊಸ ವಿಳಾಸ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ನನ್ನ ಬಾಯಿ ಎಂಥದ್ದೆಂದು ಊರಿಗೇ ಗೊತ್ತು. ಮೂವತ್ತು ವರ್ಷ ನಾನು ಅಂಗಡಿಯಲ್ಲಿ ಬೇಯಿಸಿ ಮಾರಿದ ಬಾನಿತ್ಸಾ ರೊಟ್ಟಿಯೊಳಗೆ ಅರ್ಧ ಚೀಸು, ಇನ್ನರ್ಧ ಬರೀ ಮಾತು.

ನೀನು ಹೊರಡುವ ದಿನ ಆಶ್ರಯಮನೆಯ ಮೇಲ್ವಿಚಾರಕಿ ರುಮ್ಯಾನಾಳನ್ನು ಕೇಳಿದೆಯಂತೆ: “ಗೇಟಿನ ಕಂಬದ ಮೇಲೆ ಅಂಟಿಸಿದ್ರಲ್ಲ, ಆ ಮೀಸೆ ತಾತ ಯಾರು? ನನ್ನ ಮಗಳು ದಾರಾ ದಿನಾ ಅವರಿಗೆ ಟಾಟಾ ಮಾಡ್ತಿದ್ಲು.” ಅವಳು “ಸ್ತಾನ್ಕಾನ್ನೇ ಕೇಳಬೇಕು” ಎಂದು ಜಾರಿಕೊಂಡಳು. ಅವಳ ತಪ್ಪಿಲ್ಲ, ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿಕೊಂಡಿದ್ದವಳು ನಾನೇ. ಈಗ ಹೇಳುತ್ತೇನೆ. ಕೂತುಕೊಂಡು ಓದು.

ನಮ್ಮ ಪುರಸಭೆಗೆ ಒಂದು ಸಲಹಾ ಮಂಡಳಿ ಇದೆ ಎಂಬುದು ನನಗೆ ತಿಳಿದದ್ದೇ ಅದರ ಸದಸ್ಯೆಯಾದ ಮೇಲೆ. ಮನೆಯೊಳಗೆ ಹೊಡೆತ ತಿಂದ ಹೆಂಗಸರಿಗೆ ಯಾವ ನೆರವು ಬೇಕು, ಹೇಗೆ ಕೊಡಬೇಕು ಎಂದು ದಾರಿ ತೋರಿಸುವ ಒಂಬತ್ತು ಜನ. ಉಪಮೇಯರ್ ತೋನೆವ್ ಅಂಗಡಿಗೆ ಬಂದು, “ನಾಗರಿಕರ ಪರವಾಗಿ ಒಬ್ರು ಬೇಕು ಚಿಕ್ಕಮ್ಮ. ನೀವು ಮಾತಾಡೋದೇನೂ ಬೇಕಾಗಲ್ಲ” ಎಂದ. ಅವನಿಗೆ ಬೇಕಾಗಿದ್ದುದು ನಾಗರಿಕರ ಪರವಾಗಿ ಒಂದು ತಟ್ಟೆ ಬಿಸಿ ಬಾನಿತ್ಸಾ ಎಂದು ಮೊದಲ ಸಭೆಯಲ್ಲೇ ಅರ್ಥವಾಯಿತು. ಮಂಡಳಿ ಆಜ್ಞೆ ಮಾಡುವಂತಿಲ್ಲ, ಸಲಹೆ ಮಾತ್ರ ಕೊಡಬಹುದು. ನನಗೆ ಎಣಿಸುವ ಚಾಳಿ. ಎರಡು ವರ್ಷದಲ್ಲಿ ಹದಿನಾಲ್ಕು ಸಭೆ, ನಲವತ್ತೊಂದು ಸಲಹೆ. ಜಾರಿಗೆ ಬಂದದ್ದು ಮೂರು. ಆ ಮೂರರಲ್ಲಿ ಒಂದು, ಸಭಾಂಗಣಕ್ಕೆ ಹೊಸ ಪರದೆ.

ಹದಿನೈದನೆಯ ಸಭೆಗೆ ನಿನ್ನನ್ನು ಕರೆಸಿದ್ದರು, ‘ಅನುಭವ ಉಳ್ಳವರು’ ಎಂದು. ಮಂಡಳಿಯ ವಕೀಲರು ಹನ್ನೆರಡು ಪುಟದ ಕರಡು ಓದಿದರು. ಅದರಲ್ಲಿ ಪುನರ್ವಸತಿ, ಸಬಲೀಕರಣ, ಇನ್ನೂ ಏನೇನೋ ಇತ್ತು. ಕೊನೆಗೆ ನಿನ್ನ ಕಡೆ ತಿರುಗಿ, “ನಿಮಗೆ ಅತಿ ಅಗತ್ಯ ಅನ್ನಿಸೋದು ಯಾವುದಮ್ಮಾ?” ಎಂದರು. ನೀನು ಕೋಟಿನ ಗುಂಡಿ ತಿರುವುತ್ತಾ ಹೇಳಿದೆ: “ಬಟ್ಟೆ ಒಗೆಯೋ ಇನ್ನೊಂದು ಮಿಷನ್ನು. ಆರು ಮಕ್ಕಳಿದಾರೆ ಆಶ್ರಯಮನೇಲಿ. ಹೆದರಿದ ಮಕ್ಕಳು ಹಾಸಿಗೇಲಿ ಉಚ್ಚೆ ಮಾಡ್ತವೆ. ಒಂದು ಮಿಷನ್ನು ಸಾಲಲ್ಲ.” ಹನ್ನೆರಡು ಪುಟದಲ್ಲಿ ಆ ಮಾತು ಎಲ್ಲೂ ಇರಲಿಲ್ಲ. ನಾನು ನಿನಗೆ ಮನಸೋತದ್ದು ಆಗಲೇ, ಮಗಳೇ. ನನಗೆ ಮಕ್ಕಳಾಗಲಿಲ್ಲ. ಆಗಿದ್ದರೆ ಹೀಗೆ ನೆಟ್ಟಗೆ ಮಾತಾಡುವ ಒಬ್ಬಳು ಇರಲಿ ಎಂದು ಕೇಳಿಕೊಳ್ಳುತ್ತಿದ್ದೆ.

ಆಮೇಲೆ ಬಂತು ಆ ಫಲಕ. ಆಶ್ರಯಮನೆಯ ರಿಪೇರಿಗೆ ಹೊರಗಿನ ಒಂದು ನಿಧಿಯಿಂದ ಹಣ ಬಂದಿತ್ತು. ಹಣ ಕೊಟ್ಟವರ ಹೆಸರಿನ ಫಲಕ ಹಾಕಬೇಕೆಂಬುದು ನಿಯಮ. ಸೋಮವಾರ ಬೆಳಿಗ್ಗೆ ಗೋರಿಕಲ್ಲು ಕೆತ್ತುವ ಮೇಸ್ತ್ರಿ ಬಂದು ಗೇಟಿನ ಕಂಬಕ್ಕೆ ಬಿಳಿ ಅಮೃತಶಿಲೆ ಕೂರಿಸಿ ಹೋದ. ನಿಧಿಯ ಹೆಸರಿನ ಕೆಳಗೆ ಚಿನ್ನದ ಬಣ್ಣದ ಅಕ್ಷರ: ‘ಕೌಟುಂಬಿಕ ಹಿಂಸೆಗೆ ಒಳಗಾದ ಮಹಿಳೆಯರ ಗುಪ್ತ ಆಶ್ರಯಮನೆ’. ‘ಗುಪ್ತ’ ಎಂಬುದನ್ನೂ ಬಿಡದೆ ಕೆತ್ತಿದ್ದ, ಪುಣ್ಯಾತ್ಮ. ಆ ಅಕ್ಷರ ಮುಚ್ಚಿಹೋಗುವ ತನಕ ನೀನು ದಾರಾಳನ್ನು ಅಂಗಳಕ್ಕೂ ಬಿಡಲಿಲ್ಲ. ನಿನ್ನ ಗಂಡ ಪ್ಲಾಮೆನ್ ಪಾರ್ಸೆಲ್ ವ್ಯಾನು ಓಡಿಸುವವನು, ಊರಿನ ಒಂದೊಂದು ಗೇಟನ್ನೂ ಓದುವುದೇ ಅವನ ಕಸುಬು. ಆ ಬೀದಿಗೆ ಇನ್ನೂ ಬಂದಿರಲಿಲ್ಲ, ಅಷ್ಟೇ.

ನಾನು ತೋನೆವ್‌ನ ಕಚೇರಿಗೆ ಹೋದೆ. “ನಿಯಮ ಚಿಕ್ಕಮ್ಮ. ದಾರಿಹೋಕರಿಗೆ ಕಾಣೋ ಹಾಗೆ ಅಂತ ಬರೆದಿದೆ. ತಪಾಸಣೆಯವರು ಬಂದು ಫೋಟೋ ತೆಗೀಲಿ, ಆಮೇಲೆ ನೋಡೋಣ” ಎಂದ.

“ಆಮೇಲೆ ಏನನ್ನ ನೋಡ್ತೀಯೋ, ಹೆಣಾನಾ?”

“ಅಯ್ಯೋ, ಅಷ್ಟು ದೊಡ್ಡ ಮಾತು ಬೇಡಿ. ಮಂಡಳಿ ಲಿಖಿತ ಸಲಹೆ ಕೊಟ್ರೆ ನಾಳೆನೇ ತೆಗೆಸ್ತೀನಿ.”

ಸಲಹೆಗೆ ಸಭೆ ಬೇಕು, ಸಭೆಗೆ ಐದು ಜನ ಬೇಕು. ಈಸ್ಟರ್ ಹತ್ತಿರ ಬಂದಿತ್ತು. ಒಬ್ಬೊಬ್ಬರಿಗೂ ಫೋನು ಮಾಡಿದೆ. ಒಬ್ಬರು ಹಳ್ಳಿಯಲ್ಲಿ ದ್ರಾಕ್ಷಿ ಬಳ್ಳಿ ಕಟ್ಟುತ್ತಿದ್ದರು, ಇನ್ನೊಬ್ಬರು ಅತ್ತೆಯ ಮನೆಯಲ್ಲಿ ಮೊಟ್ಟೆಗೆ ಕೆಂಪು ಬಣ್ಣ ಹಾಕುತ್ತಿದ್ದರು. ಎಲ್ಲರೂ ಸೇರುವುದಕ್ಕೆ ಹದಿನೇಳು ದಿನ ಎಂದು ಲೆಕ್ಕ ಸಿಕ್ಕಿತು. ಪ್ಲಾಮೆನ್‌ಗೆ ಹದಿನೇಳು ದಿನ ಬೇಕಿರಲಿಲ್ಲ.

ನನ್ನ ಅಂಗಡಿಯ ಬಾಗಿಲ ಮೇಲೆ ಒಂದು ಸಾವಿನ ಹಾಳೆ ಇದ್ದುದನ್ನು ನೀನು ಕಂಡಿರಲಿಕ್ಕಿಲ್ಲ. ನನ್ನ ಗಂಡ ಗೆಂಚೋನದು. ಪ್ರತಿ ಮಾರ್ಚಿನಲ್ಲೂ ಹೊಸದು ಅಚ್ಚು ಹಾಕಿಸುತ್ತಿದ್ದೆ: ಫೋಟೋ, ಶಿಲುಬೆ, ‘ನೀನಿಲ್ಲದೆ ಹನ್ನೊಂದು ವರ್ಷ. ಒಳ್ಳೆಯ ಗಂಡ, ಮರೆಯಲಾಗದ ಜೀವ’. ನಮ್ಮವರ ಸ್ವಭಾವ ನಿನಗೆ ಗೊತ್ತಲ್ಲ, ಸತ್ತವರ ಹಾಳೆಯನ್ನು ಗೋಡೆ, ಕಂಬ, ಬಸ್ ನಿಲ್ದಾಣ ಎನ್ನದೆ ಅಂಟಿಸುತ್ತಾರೆ, ಕೀಳುವುದಕ್ಕೆ ಮಾತ್ರ ಒಬ್ಬರಿಗೂ ಕೈ ಬರುವುದಿಲ್ಲ. ಅದು ಮಳೆಬಿಸಿಲಿಗೆ ಬಿಟ್ಟ ಕೆಲಸ. ಚುನಾವಣೆಯ ಪೋಸ್ಟರಿನವರೂ ಅದನ್ನು ಬಿಟ್ಟು ಪಕ್ಕದಲ್ಲಿ ಅಂಟಿಸುತ್ತಾರೆ. ನಾನು ಮುದ್ರಣದಂಗಡಿಯಲ್ಲಿ ಗೆಂಚೋನನ್ನು ಫಲಕದ ಅಳತೆಗೆ ಹಿಗ್ಗಿಸಿದೆ. ಮೈದಾದ ಅಂಟು ಕಾಯಿಸಿ, ಫಲಕದ ಅಕ್ಷರ ಒಂದೂ ಕಾಣದ ಹಾಗೆ ಬಳಿದು ಅಂಟಿಸಿ, ಮೇಲೆ ಕಪ್ಪು ಪಟ್ಟಿ ಕಟ್ಟಿದೆ. ದಾರಾಳ ಮೀಸೆ ತಾತ ಅವನೇ.

ಈಗ ನಿನ್ನಿಂದ ಮುಚ್ಚಿಟ್ಟಿದ್ದ ಇನ್ನೊಂದು ಮಾತು. ಹಬ್ಬದ ಹಿಂದಿನ ಬುಧವಾರ ರುಮ್ಯಾನಾ ಅಂಗಳಕ್ಕೆ ಔಷಧಿ ಹೊಡೆಸುತ್ತೇವೆಂದು ನಿಮ್ಮನ್ನೆಲ್ಲ ಹಿಂದಿನ ಕೋಣೆಗೆ ಕಳಿಸಿದಳಲ್ಲ, ಔಷಧಿ ಗಿಷಧಿ ಏನೂ ಇರಲಿಲ್ಲ. ಪ್ಲಾಮೆನ್‌ನ ವ್ಯಾನು ಬೀದಿಯ ತುದಿಯಲ್ಲಿ ಕಂಡಿತ್ತು. ಅವಳು ಪೊಲೀಸರಿಗೆ ಫೋನು ಮಾಡಿ, ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡು, ಪೊರಕೆ ಹಿಡಿದು ಗೇಟಿನಲ್ಲಿ ನಿಂತಳು. ಅವನು ಇಳಿದು ಬಂದು ಕಂಬದ ಮುಂದೆ ನಿಂತ. ಹಾಳೆಯನ್ನು ಮೇಲಿಂದ ಕೆಳಗೆ ಓದಿ ಟೋಪಿ ತೆಗೆದ.

“ನಿಮ್ಮೋರಾ ತಾಯಿ?”

“ಹೌದಪ್ಪ. ನಮ್ಮ ಯಜಮಾನ್ರು.”

“ಒಳ್ಳೇ ಗಂಡ ಅಂತ ಬರೆಸಿದೀರಿ. ಈಗಿನ ಹೆಂಗಸರು ಹೀಗೆಲ್ಲ ಬರೆಸಲ್ಲ. ದೇವರು ಅವರನ್ನ ಕ್ಷಮಿಸಲಿ.”

ಸತ್ತವರಿಗೆ ಎಲ್ಲರೂ ಹೇಳುವ ಆ ಮಾತು ಹೇಳಿ, ಪಕ್ಕದ ಮನೆಗೆ ಪಾರ್ಸೆಲ್ ಕೊಟ್ಟು, ಪೊಲೀಸರು ಬರುವ ಮೊದಲೇ ಹೊರಟುಹೋದ. ರುಮ್ಯಾನಾ ಗೇಟಿಗೆ ಅಗುಳಿ ಹಾಕಿ ಒಳಗೆ ಬಂದು ನನಗೆ ಫೋನು ಮಾಡಿದಳು.

ಅವನ ಮಾತು ನನ್ನ ಕಿವಿಗೆ ಬಿದ್ದಾಗ, ನೆವೆನಾ, ನನ್ನ ಅಂಗಡಿಯ ಬಾಗಿಲಲ್ಲಿ ನಾನೇ ನಿಂತು ಆ ಹಾಳೆಯನ್ನು ಓದಿಕೊಂಡೆ. ಹನ್ನೊಂದು ಸಲ ಅಚ್ಚು ಹಾಕಿಸಿದ್ದೆ, ಒಂದು ಸಲವೂ ಓದಿರಲಿಲ್ಲ. ಗೆಂಚೋ ನನ್ನ ಮಣಿಕಟ್ಟು ಮುರಿದದ್ದು ಎರಡು ಸಲ. ಓವನ್ನಿನ ತಟ್ಟೆ ಜಾರಿತು ಎಂದು ಒಮ್ಮೆ ಹೇಳಿದೆ, ಮೆಟ್ಟಿಲು ಜಾರಿತು ಎಂದು ಇನ್ನೊಮ್ಮೆ. ಊರು ನಂಬಿತು, ಅಥವಾ ನಂಬಿದಂತೆ ಮಾಡಿತು. ಅವನು ಸತ್ತ ಮೇಲೂ ಊರಿನ ಮುಂದೆ ಅವನ ಮಾನ ಕಾಯುವ ಕೆಲಸ ನಾನು ಬಿಟ್ಟಿರಲಿಲ್ಲ.

ಹಬ್ಬ ಕಳೆದು ಸಭೆ ಸೇರಿತು. ನಾನು ಬಾನಿತ್ಸಾ ಒಯ್ಯಲಿಲ್ಲ. ತೋನೆವ್ ಖಾಲಿ ತಟ್ಟೆಯ ಕಡೆ ನೋಡಿ ನಿಯಮ ಓದಲು ಶುರು ಮಾಡಿದ. ನಾನು ಎದ್ದು, ಫಲಕ ತೆಗೆಯಬೇಕು, ಇನ್ನು ಮುಂದೆ ಇಂಥ ಯಾವ ಮನೆಗೂ ಹಾಕಬಾರದು ಎಂದೆ. “ಅಲ್ಲ ಚಿಕ್ಕಮ್ಮ, ಯಾವ ಆಧಾರದ ಮೇಲೆ ಹೇಳ್ತಿದೀರಿ? ನೀವು ನಾಗರಿಕರ ಪರವಾಗಿ ಇರೋರು” ಎಂದ. ಆಗ ಅಂಗಿಯ ತೋಳು ಮಡಚಿ ಮಣಿಕಟ್ಟು ಮೇಜಿನ ಮೇಲಿಟ್ಟೆ. ಗೆಂಚೋನ ವಿಷಯ ಹೇಳಿದೆ. ಇಡೀ ಎರಡು ವರ್ಷದಲ್ಲಿ ಮೊದಲ ಬಾರಿಗೆ ಅಲ್ಲಿ ಯಾರೂ ಮಾತಿನ ನಡುವೆ ಬಾಯಿ ಹಾಕಲಿಲ್ಲ.

ಮಂಡಳಿಯಲ್ಲೇ ಇದ್ದ ಮೂಳೆ ಡಾಕ್ಟರ್ ವೆಲ್ಚೆವಾ ಕನ್ನಡಕ ತೆಗೆದರು. “ಎರಡು ಸಲಾನೂ ಕಟ್ಟಿದವಳು ನಾನೇ. ಬಿದ್ದೆ ಅಂದ್ಲು. ಬಿದ್ದ ಮೂಳೆ ಹಾಗೆ ಮುರಿಯಲ್ಲ ಅಂತ ನನಗೆ ಗೊತ್ತಿತ್ತು. ಬಿದ್ದಳು ಅಂತಲೇ ಬರೆದೆ” ಎಂದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಇಬ್ಬರೂ ಒಂದೇ ಸುಳ್ಳನ್ನು ಎರಡು ಕಡೆಯಿಂದ ಹಿಡಿದುಕೊಂಡಿದ್ದೆವು.

ಒಂಬತ್ತಕ್ಕೆ ಒಂಬತ್ತು ಕೈ ಎದ್ದವು, ತೋನೆವ್‌ನದೂ ಸೇರಿ. ಆಮೇಲೆ ವಕೀಲರು ನಿಯಮದ ಪುಸ್ತಕದ ಮುಂದಿನ ಪುಟ ತಿರುವಿದರೆ, ಗುಪ್ತವಾಗಿರಬೇಕಾದ ಮನೆಗಳಿಗೆ ವಿನಾಯಿತಿ ಎಂದು ಅಲ್ಲೇ ಬರೆದಿತ್ತು. ಒಬ್ಬರೂ ಪುಟ ತಿರುವಿರಲಿಲ್ಲ, ನಾನೂ ಸೇರಿ. ನಿನ್ನ ಎರಡನೆಯ ಮಿಷನ್ನೂ ಅದೇ ಸಭೆಯಲ್ಲಿ ಪಾಸಾಯಿತು. ನೀನು ಹೊರಟ ಮರುದಿನ ಮನೆಗೆ ಬಂತು. ನೀನಿದ್ದು ನೋಡಬೇಕಿತ್ತು.

ಫಲಕ ಕೀಳಲು ಬಂದ ಮೇಸ್ತ್ರಿ ಹಾಳೆ ನೋಡಿದವನೇ ಉಳಿ ಕೆಳಗಿಟ್ಟ. “ಕಲ್ಲು ತೆಗೀತೀನಿ, ಇದನ್ನ ಮುಟ್ಟಲ್ಲ” ಎಂದ. ಹಾಗಾಗಿ ನಾನೇ ಕೆರೆಯತೊಡಗಿದೆ. ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬಳು ನಿಂತು ಗದರಿದಳು: “ಸತ್ತೋರ ಹಾಳೆ ಕೀಳ್ತೀಯಲ್ಲೇ, ಪಾಪ ಸುತ್ಕೊಳ್ಳುತ್ತೆ.”

“ನನ್ನ ಗಂಡನೇ ಅಜ್ಜಿ.”

ಅವಳು ನನ್ನ ಮುಖ ನೋಡಿದಳು, ಕೈ ನೋಡಿದಳು. “ಹಂಗಾದ್ರೆ ಸರಿ. ಬಿಸಿನೀರು ಹಚ್ಚು, ಬೇಗ ಬರುತ್ತೆ” ಎಂದು ಮುಂದೆ ಹೋದಳು. ಬಿಸಿನೀರು ಹಚ್ಚಿದೆ. ಬೇಗ ಬಂತು. ಸಂಜೆ ಅಂಗಡಿಯ ಬಾಗಿಲಿನದನ್ನೂ ತೆಗೆದೆ. ಗಿರಾಕಿಗಳು ಏನು ಕೇಳಿದರೂ ನಿಜವನ್ನೇ ಹೇಳುತ್ತಿದ್ದೇನೆ. ವ್ಯಾಪಾರ ಕಡಿಮೆಯಾಗಿಲ್ಲ. ಕೆಲವು ಹೆಂಗಸರು ಬಾನಿತ್ಸಾ ಕಟ್ಟಿಸಿಕೊಂಡ ಮೇಲೂ ಸ್ವಲ್ಪ ಹೊತ್ತು ನಿಲ್ಲುತ್ತಾರೆ.

ಆ ತಾತ ಯಾರೆಂದು ದಾರಾಳಿಗೆ ಏನು ಹೇಳಬೇಕೋ ನಿನಗೆ ಬಿಟ್ಟದ್ದು. ಪ್ಲಾಮೆನ್ ಹುಡುಕುತ್ತಿದ್ದಾನೆ ಎಂಬುದನ್ನು ಮಾತ್ರ ಮರೆಯಬೇಡ, ಎಚ್ಚರವಾಗಿರು. ಅವಳಿಗೆ ನನ್ನ ಮುತ್ತು. ಈಗ ಕರೆಗಂಟೆಯ ಪಕ್ಕ ಬೇರೆ ಹೆಸರು ಬರೆದು ಬದುಕುತ್ತಿದ್ದೀರಿ, ಅದೇ ಸರಿ. ಆದರೆ ನಿನ್ನ ಸ್ವಂತ ಹೆಸರನ್ನು ದಪ್ಪ ಅಕ್ಷರದಲ್ಲಿ, ದಾರಿಹೋಕರಿಗೆಲ್ಲ ಕಾಣುವ ಹಾಗೆ, ನೀನೇ ಬರೆದು ಬಾಗಿಲಿಗೆ ಹಾಕುವ ದಿನ ಬರಲಿ, ಅದನ್ನು ನೋಡುವಷ್ಟು ಆಯುಸ್ಸು ನನಗೂ ಇರಲಿ.

ನಿನ್ನನ್ನು ಹೆರದಿದ್ದರೂ ನಿನ್ನ ಚಿಂತೆ ಬಿಡದ,
ಸ್ತಾನ್ಕಾ ಚಿಕ್ಕಮ್ಮ