ಸ್ನೇಹಿತರಿಲ್ಲದವರನ್ನು ಸ್ನೇಹಕೂಟದಿಂದ ಹೊರಗಟ್ಟಿದ ನಿರ್ದೇಶಕರಿಗೆ

ವಿದ್ಯಾರ್ಥಿ ಕಲ್ಯಾಣ ವಿಭಾಗದ ನಿರ್ದೇಶಕರೇ,

‘ಮಾನ್ಯರೇ’ ಎಂದು ಬರೆಯಲು ಎರಡು ಸಲ ಹೊರಟೆ, ಕೈ ಬರಲಿಲ್ಲ. ಕಳೆದ ಶುಕ್ರವಾರ ವಿಶ್ವವಿದ್ಯಾಲಯದ ಸ್ನೇಹಕೂಟಕ್ಕೆ ಬಂದ ನನ್ನ ನಾದಿನಿಯನ್ನು, ಜೊತೆಯಲ್ಲಿ ಸ್ನೇಹಿತೆ ಇಲ್ಲ ಎಂಬ ಕಾರಣಕ್ಕೆ ನಿಮ್ಮವರು ಬಾಗಿಲಿನಿಂದಲೇ ವಾಪಸ್ ಕಳಿಸಿದರು. ಅವಳು ಮೊದಲ ವರ್ಷದ ವಿದ್ಯಾರ್ಥಿನಿ. ಸ್ನೇಹಿತೆ ಇಲ್ಲದ್ದರಿಂದಲೇ ಬಂದಿದ್ದಳು.

ನಿಮ್ಮ ಸುತ್ತೋಲೆ ನನ್ನ ಮುಂದಿದೆ. “ಸಾಮಾಜಿಕ ಕಾರ್ಯಕ್ರಮಗಳಲ್ಲಿ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಯನ್ನು ಹೆಚ್ಚಿಸುವ ಸಲುವಾಗಿ, ಇನ್ನು ಮುಂದೆ ಪ್ರತಿ ವಿದ್ಯಾರ್ಥಿಯೂ ಒಬ್ಬ ಸ್ನೇಹಿತರೊಂದಿಗೆ ಬಂದು ಜಂಟಿಯಾಗಿ ಹೆಸರು ನೋಂದಾಯಿಸತಕ್ಕದ್ದು.” ಆಹಾ, ಒಬ್ಬರು ಬರುವ ಕಡೆ ಇಬ್ಬರು! ಇದನ್ನು ಯೋಚಿಸಲು ಎಷ್ಟು ಸಭೆಗಳು ಬೇಕಾದವು? ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ‘ಕೊನೆಯ ಸಾಲು ಓದಬಲ್ಲವರಿಗೆ ಮಾತ್ರ ಕನ್ನಡಕ’ ಎಂದು ನಾನು ಬೋರ್ಡು ಹಾಕಿದರೆ ಮಾಲೀಕರು ಅಂದೇ ಮನೆಗೆ ಕಳಿಸುತ್ತಾರೆ. ನಿಮ್ಮಲ್ಲಿ ಅಂಥ ಕೆಲಸಕ್ಕೆ ಬಡ್ತಿ ಸಿಗುತ್ತದೋ ಏನೋ.

ನನ್ನ ಮದುವೆಯಾಗಿ ಇವತ್ತಿಗೆ ನಲವತ್ತೊಂದು ದಿನ. ನಾನಿನ್ನೂ ನೆಲದ ಮೇಲೆ ನಡೆಯುತ್ತಿಲ್ಲ, ತೇಲುತ್ತಿದ್ದೇನೆ. ನನ್ನವರ ತಂಗಿ ನಮ್ಮ ಜೊತೆಗೇ ಇದ್ದಾಳೆ. ನಾವಿಬ್ಬರೂ ಗಿಣಿಗಳ ಹಾಗೆ ಹರಟುವ ಮನೆಯಲ್ಲಿ ಆ ಹುಡುಗಿ ತಟ್ಟೆ ನೋಡುತ್ತಾ ಊಟ ಮಾಡುತ್ತಾಳೆ. ಮೂರು ತಿಂಗಳಲ್ಲಿ ತರಗತಿಯ ಒಬ್ಬರೂ ಅವಳ ಹೆಸರು ಕೇಳಿಲ್ಲ. ಅಂಥವಳನ್ನು ಒಂದು ವಾರ ಪುಸಲಾಯಿಸಿ ಸ್ನೇಹಕೂಟಕ್ಕೆ ಒಪ್ಪಿಸಿದ್ದೆ. ಒಳಗೆ ಹೋದ ಕೂಡಲೇ ಹೇಳಲು ಒಂದು ವಾಕ್ಯವನ್ನೂ ಆರಿಸಿಕೊಂಡೆವು: “ಇಲ್ಲಿ ಯಾರಾದ್ರೂ ಕೂತಿದ್ದಾರಾ?” ಊಟದ ಮೇಜಿನಲ್ಲೇ ತಾಲೀಮು ನಡೆಯಿತು. ನನ್ನವರು ಗಂಟುಮುಖದ ವಿದ್ಯಾರ್ಥಿಯಾಗಿ ಕೂತು, “ಹೂಂ, ನಮ್ಮಜ್ಜಿ ಕೂತಿದ್ದಾರೆ, ಕಾಣ್ಸಲ್ವಾ?” ಎಂದರು. ಅವಳು ನಕ್ಕಳು. ಈ ಮನೆಯಲ್ಲಿ ನಾನು ಕೇಳಿದ ಅವಳ ಮೊದಲ ನಗು ಅದು.

ಶುಕ್ರವಾರ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿಕೊಂಡು ಹೋದವಳು ಮುಕ್ಕಾಲು ಗಂಟೆಯಲ್ಲಿ ವಾಪಸ್. “ಕ್ಯಾನ್ಸಲ್ ಆಯ್ತು ಅತ್ತಿಗೆ” ಎಂದು ಕೋಣೆ ಸೇರಿಕೊಂಡಳು. ನಾನು ನಂಬಿದೆ. ಮರುದಿನ ನೀವೇ ಫೋಟೋ ಹಾಕಿದಿರಿ: ದೊಡ್ಡ ಸಭಾಂಗಣ, ಮೂರು ಸಾಲು ಜನ, ಹಿಂದೆ ಖಾಲಿ ಕುರ್ಚಿಗಳ ಸಮುದ್ರ. ಕೆಳಗೆ ನಿಮ್ಮ ಭಾಷಣದ ವ್ಯಾಕುಲ ನುಡಿ: “ಇಂದಿನ ವಿದ್ಯಾರ್ಥಿಗಳಲ್ಲಿ ಬೆರೆಯುವ ಆಸಕ್ತಿಯೇ ಕುಂದಿದೆ.” ಫೋಟೋ ತೋರಿಸಿದಾಗಲೇ ಅವಳು ಬಾಯಿಬಿಟ್ಟದ್ದು. ಬಾಗಿಲ ಬಳಿ ತಡೆದ ಮೇಲೆ ಮೆಟ್ಟಿಲ ಕೆಳಗೆ ನಿಂತಳಂತೆ. ಅಲ್ಲಿ ಇನ್ನೂ ನಾಲ್ವರಿದ್ದರಂತೆ. ಎಲ್ಲರೂ ಫೋನು ನೋಡುತ್ತಾ, ಯಾರೋ ಬರುವವರಿದ್ದಾರೆ ಎಂಬಂತೆ ಆಗಾಗ ಗೇಟಿನ ಕಡೆ ಕತ್ತು ಚಾಚುತ್ತಾ. “ನಾನೂ ಹಾಗೇ ಮಾಡ್ದೆ ಅತ್ತಿಗೆ” ಎಂದಳು. ನಿರ್ದೇಶಕರೇ, ಯಾರಿಗಾಗಿ ಕೂಟ ಕರೆದಿರೋ ಅವರು ಮೆಟ್ಟಿಲ ಕೆಳಗಿದ್ದರು. ನೀವು ಒಳಗೆ ಮೈಕು ಹಿಡಿದು ಅವರನ್ನು ಬೈಯುತ್ತಿದ್ದಿರಿ.

ಸೋಮವಾರ ನಿಮ್ಮ ಕಚೇರಿಗೆ ಬಂದೆ. ನೀವು ‘ಮೀಟಿಂಗ್‌ನಲ್ಲಿ’ ಇದ್ದಿರಿ. ಗುಮಾಸ್ತರು ನೋಂದಣಿ ಪುಸ್ತಕ ನನ್ನ ಕಡೆ ತಿರುಗಿಸಿದರು.

“ನೋಡಿ ಮೇಡಂ, ಎರಡು ಕಾಲಂ. ಎರಡನೇದು ಖಾಲಿ ಬಿಡೋ ಹಾಗಿಲ್ಲ.”

“ಗೆಳತಿ ಇಲ್ಲದವರು ಏನ್ಮಾಡ್ಬೇಕು?”

“ಮಾಡ್ಕೊಂಡು ಬರ್ಬೇಕು.”

“ಎಲ್ಲಿ ಮಾಡ್ಕೊಳ್ಳೋದು?”

“ಅದಕ್ಕೇ ಅಲ್ವಾ ಮೇಡಂ, ಇಷ್ಟೆಲ್ಲಾ ಕಾರ್ಯಕ್ರಮ ಇಟ್ಟಿರೋದು!”

ಪಾಪ, ತಮಾಷೆಗೆ ಹೇಳಲಿಲ್ಲ ಆತ. “ಹಾಗಾದ್ರೆ ನನ್ನ ಹೆಸರೇ ಬರ್ಕೊಳ್ಳಿ” ಎಂದೆ.

“ನೀವು ಏನಾಗ್ಬೇಕು?”

“ಅತ್ತಿಗೆ.”

“ಸಂಬಂಧಿಕರು ನಡೆಯಲ್ಲ.”

ಆರು ವರ್ಷದ ಹಿಂದೆ, ಇಲ್ಲೇ ಓದುತ್ತಿದ್ದಾಗ, ಇದೇ ಸಭಾಂಗಣದ ಸ್ನೇಹಕೂಟಕ್ಕೆ ನಾನು ಒಬ್ಬಳೇ ಬಂದಿದ್ದೆ. ಆಗ ಈ ಪುಸ್ತಕವಿರಲಿಲ್ಲ. ಒಟ್ಟು ಏಳು ಜನ. ಮೈಕಿನ ತಂತಿ ಕಿತ್ತುಹೋಗಿತ್ತು. ಒಬ್ಬ ಸಣಕಲ ಹುಡುಗ ಅದನ್ನು ಬೆರಳಲ್ಲಿ ಒತ್ತಿ ಹಿಡಿದು ಎರಡು ಗಂಟೆ ಕದಲದೆ ಕೂತಿದ್ದ. ಕೈ ಜೋಮು ಹಿಡಿದಾಗ, “ಸ್ವಲ್ಪ ಹೊತ್ತು ಹಿಡ್ಕೊತೀರಾ?” ಎಂದು ಕೇಳಿದ. ಹಿಡಿದುಕೊಂಡೆ. ನಲವತ್ತೊಂದು ದಿನದ ಹಿಂದೆ ಅವನನ್ನೇ ಮದುವೆಯಾದೆ. ನಿಮ್ಮ ಲೆಕ್ಕದಲ್ಲಿ ಅದು ಸೋತ ಕಾರ್ಯಕ್ರಮ. ಆ ಏಳು ಜನರಲ್ಲಿ ಯಾರೂ ಜೋಡಿಯಾಗಿ ಬಂದಿರಲಿಲ್ಲ. ನಿಮ್ಮ ನಿಯಮ ಆಗ ಇದ್ದಿದ್ದರೆ ಏಳೂ ಜನ ಮೆಟ್ಟಿಲ ಕೆಳಗೆ ನಿಂತು ಗೇಟು ನೋಡುತ್ತಿದ್ದೆವು.

ಈಗ ನಾದಿನಿ ಕಾಲೇಜು ಬಿಟ್ಟು ಮನೆಯಲ್ಲೇ ಕೂತು ಅಂಚೆಯ ಮೂಲಕ ಓದುತ್ತೇನೆ ಎನ್ನುತ್ತಿದ್ದಾಳೆ. ಅರ್ಜಿ ತುಂಬಿ ಆಗಿದೆ. ಅಣ್ಣನ ಸಹಿಯೊಂದು ಬಾಕಿ, ಬರುವ ಸೋಮವಾರ ಕೊನೆಯ ದಿನ. ಅಣ್ಣ ಮನೆಯ ಪೆನ್ನುಗಳನ್ನೆಲ್ಲ ಬಚ್ಚಿಟ್ಟು ಓಡಾಡುತ್ತಿದ್ದಾರೆ. ಅದರಿಂದ ಎಷ್ಟು ದಿನ ತಳ್ಳಬಹುದು?

ನನ್ನ ಬೇಡಿಕೆ ಒಂದೇ. ಈ ಶುಕ್ರವಾರದ ಕೂಟಕ್ಕೆ ಮೊದಲು ಆ ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ. ಒಬ್ಬರೇ ಬಂದವರನ್ನು ಒಳಗೆ ಬಿಡಿ, ಅಷ್ಟು ಸಾಕು. ಭಾಷಣವಿಲ್ಲದಿದ್ದರೂ ನಡೆಯುತ್ತದೆ. ನಾದಿನಿ ಇನ್ನೊಂದು ಸಲ ಬರಲು ಒಪ್ಪಿದ್ದಾಳೆ, ಒಂದು ಷರತ್ತಿನ ಮೇಲೆ: “ಈ ಸಲಾನೂ ವಾಪಸ್ ಕಳಿಸಿದ್ರೆ, ಆಮೇಲೆ ನೀವು ಒಂದು ಮಾತೂ ಆಡ್ಬಾರ್ದು ಅತ್ತಿಗೆ. ಅಣ್ಣನ ಹತ್ರ ನೀವೇ ಸಹಿ ಹಾಕಿಸ್ಕೊಡ್ಬೇಕು.”

ಮಾತು ಕೊಟ್ಟಿದ್ದೇನೆ. ಅದನ್ನು ಉಳಿಸಿಕೊಳ್ಳಬೇಕಾದ ಗತಿ ನನಗೆ ಬಾರದಂತೆ ನೋಡಿಕೊಳ್ಳಿ.

ಇಂತಿ,
ನಿಮ್ಮ ಪುಸ್ತಕದ ಎರಡನೇ ಕಾಲಂಗೆ ನಾಲಾಯಕ್ಕಾದ
ಒಬ್ಬ ಅತ್ತಿಗೆ